ಕುರ್‌ಆನಿನಲ್ಲಿ ಜೋಸೆಫನ ಕಥೆ: ಒಡೆದ ಮನೆಗೊಂದು ಪಾಠ



ಅಣ್ಣತಮ್ಮಂದಿರ ಮನಸ್ತಾಪ ಇಂದು ನಿನ್ನೆಯದಲ್ಲ. ಕಾಯಿನ ಮತ್ತು ಆಬೇಲ, ಏಸಾವ ಮತ್ತು ಯಕೋಬ, ಜೋಸೆಫ ಮತ್ತು ಅವನ ಸಹೋದರರು - ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡವೊಂದರಲ್ಲೇ ಹೀಗೆ ಮೂರು ಮನೆಗಳು ಒಡೆಯುತ್ತವೆ. ನಮ್ಮ ಧರ್ಮಕೇಂದ್ರಗಳಲ್ಲೂ ಇಂತಹ ಮನೆಗಳಿವೆ. ಒಂದೇ ತಾಯಿಯ ಮಕ್ಕಳು ಒಂದೇ ದೇವಾಲಯಕ್ಕೆ ಬಲಿಪೂಜೆಗೆ ಬರುತ್ತಾರೆ. ಒಬ್ಬರು ಈ ಕಡೆ, ಇನ್ನೊಬ್ಬರು ಆ ಕಡೆ ಕುಳಿತು, ಮುಖ ಕೊಟ್ಟು ಮಾತಾಡದೆ ಮನೆಗೆ ಮರಳುತ್ತಾರೆ. ಕಾರಣ ಕೇಳಿದರೆ ಒಂದಿಷ್ಟು ಜಾಗ, ತಾಯಿಯ ಒಡವೆ, ಹಾಸಿಗೆ ಹಿಡಿದ ತಂದೆಯನ್ನು ಯಾರು ನೋಡಿಕೊಂಡರು ಎಂಬ ಲೆಕ್ಕ. ಕ್ಷಮಿಸಬೇಕು ಎಂದು ಅವರಿಗೆ ಗೊತ್ತಿಲ್ಲದೆ ಇಲ್ಲ. ಹೇಗೆ ಕ್ಷಮಿಸುವುದು ಎಂಬುದೇ ಅವರ ಪ್ರಶ್ನೆ.

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ವಾರ ನಾವು ಮುಸ್ಲಿಂ ಸಹೋದರರ ಪವಿತ್ರ ಗ್ರಂಥವಾದ ಕುರ್‌ಆನಿನ ಒಂದು ಅಧ್ಯಾಯವನ್ನು ಅಭ್ಯಾಸ ಮಾಡೋಣ. ಅದು 12ನೇ ಅಧ್ಯಾಯ, ಹೆಸರು ‘ಯೂಸುಫ್’. ನಮ್ಮ ಆದಿಕಾಂಡದ 37ರಿಂದ 50ನೇ ಅಧ್ಯಾಯದವರೆಗೆ ಬರುವ ಜೋಸೆಫನ ಕಥೆಯೇ ಅಲ್ಲಿ ಬೇರೊಂದು ಬಗೆಯಲ್ಲಿ ಮೂಡಿದೆ.

ಓದುವ ಮುನ್ನ

ಕಥೋಲಿಕರಾದ ನಾವು ಕುರ್‌ಆನನ್ನು ಏಕೆ ಓದಬೇಕು ಎಂದು ಕೆಲವರು ಕೇಳಬಹುದು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ‘ನೋಸ್ತ್ರಾ ಎತಾತೆ’ ಎಂಬ ಘೋಷಣೆ ಇದಕ್ಕೆ ಉತ್ತರ ಕೊಡುತ್ತದೆ. ಏಕೈಕ ದೇವರನ್ನು ಆರಾಧಿಸುವ, ಅಬ್ರಹಾಮನಂತೆ ದೇವರ ಚಿತ್ತಕ್ಕೆ ತಲೆಬಾಗಲು ಹಂಬಲಿಸುವ, ಮಾತೆ ಮರಿಯಮ್ಮನವರನ್ನು ಗೌರವಿಸುವ ಮುಸ್ಲಿಮರನ್ನು ಧರ್ಮಸಭೆ ಆದರದಿಂದ ಕಾಣುತ್ತದೆ ಎಂದು ಅದು ಸಾರಿತು. ಹಿಂದಿನ ಕಲಹಗಳನ್ನು ಬದಿಗಿಟ್ಟು ಪರಸ್ಪರ ಅರಿಯಲು ಪ್ರಾಮಾಣಿಕವಾಗಿ ಯತ್ನಿಸಿರಿ ಎಂದೂ ಕರೆಕೊಟ್ಟಿತು. 2019ರ ಫೆಬ್ರವರಿ 4ರಂದು ಅಬುಧಾಬಿಯಲ್ಲಿ ಪೋಪ್ ಫ್ರಾನ್ಸಿಸರು ಮತ್ತು ಅಲ್-ಅಝ್‌ಹರ್‌ನ ಪ್ರಧಾನ ಇಮಾಮರಾದ ಅಹ್ಮದ್ ಅಲ್-ತಯ್ಯಿಬರು ಮಾನವ ಸೋದರತ್ವದ ಕುರಿತಾದ ದಸ್ತಾವೇಜಿಗೆ ಸಹಿ ಹಾಕಿದ್ದು ಇದೇ ದಾರಿಯ ಮುಂದುವರಿಕೆ.

ಪರಸ್ಪರ ಅರಿಯುವುದೆಂದರೆ ಎಲ್ಲವೂ ಒಂದೇ ಎಂದು ಹೇಳುವುದಲ್ಲ. ಒಂದು ಮುಖ್ಯ ವ್ಯತ್ಯಾಸವನ್ನು ಆರಂಭದಲ್ಲೇ ತಿಳಿದಿರಬೇಕು. ಬೈಬಲ್ಲಿನ ಪುಸ್ತಕಗಳನ್ನು ಪವಿತ್ರಾತ್ಮರ ಪ್ರೇರಣೆಯಿಂದ ಮಾನವ ಲೇಖಕರು, ತಮ್ಮ ತಮ್ಮ ಕಾಲದ ಭಾಷೆ ಶೈಲಿಗಳಲ್ಲಿ ಬರೆದರು ಎಂಬುದು ನಮ್ಮ ವಿಶ್ವಾಸ. ಕುರ್‌ಆನ್ ಪ್ರವಾದಿ ಮುಹಮ್ಮದರಿಗೆ ಅರಬ್ಬೀ ಭಾಷೆಯಲ್ಲಿ ಪದಪದವಾಗಿ ಅವತೀರ್ಣವಾದ ದೇವರ ಮಾತು ಎಂಬುದು ಮುಸ್ಲಿಮರ ವಿಶ್ವಾಸ. ಆದುದರಿಂದ ಈ ಎರಡು ಕಥನಗಳನ್ನು ಒಂದೇ ತಕ್ಕಡಿಯಲ್ಲಿಟ್ಟು, ಇದರಲ್ಲಿ ಇದು ಬಿಟ್ಟುಹೋಗಿದೆ, ಅದರಲ್ಲಿ ಅದು ಸೇರಿಕೊಂಡಿದೆ ಎಂದು ತೂಗಲು ಹೊರಡುವುದು ಸರಿಯಾಗದು. ಪ್ರತಿಯೊಂದೂ ತನ್ನ ಓದುಗರಿಗೆ ಏನನ್ನು ಕಲಿಸಬಯಸುತ್ತದೆ ಎಂದು ಕೇಳಿಕೊಳ್ಳುವುದು ಫಲಕಾರಿ.

ಹೆಸರುಗಳ ವಿಷಯದಲ್ಲಿ ಒಂದು ಮಾತು. ಕುರ್‌ಆನಿನ ಕಥೆಯನ್ನು ಹೇಳುವಾಗ ಕನ್ನಡದ ಮುಸ್ಲಿಮರ ರೂಢಿಯಂತೆ ಯೂಸುಫರು, ಯಾಕೂಬರು ಎಂದು ಬರೆದಿದ್ದೇನೆ. ಅವರ ಪಾಲಿಗೆ ಇವರಿಬ್ಬರೂ ಪ್ರವಾದಿಗಳು. ಆದಿಕಾಂಡದ ಪ್ರಸ್ತಾಪ ಬಂದಾಗ ನಮ್ಮ ರೂಢಿಯಂತೆ ಜೋಸೆಫ, ಯಕೋಬ ಎಂದಿದ್ದೇನೆ.

ಅಧ್ಯಾಯದ ಪರಿಚಯ

ಕುರ್‌ಆನಿನಲ್ಲಿ 114 ಅಧ್ಯಾಯಗಳಿವೆ. ಅಬ್ರಹಾಮ, ಮೋಶೆ ಮುಂತಾದವರ ಪ್ರಸಂಗಗಳು ಅಲ್ಲಲ್ಲಿ, ತುಸು ತುಸುವಾಗಿ, ಹಲವು ಅಧ್ಯಾಯಗಳಲ್ಲಿ ಬರುತ್ತವೆ. ಯೂಸುಫರ ಕಥೆ ಮಾತ್ರ ಒಂದೇ ಅಧ್ಯಾಯದಲ್ಲಿ, ಕನಸಿನಿಂದ ತೊಡಗಿ ಆ ಕನಸು ಕೈಗೂಡುವವರೆಗೆ, ಎಡೆಬಿಡದೆ ಸಾಗುತ್ತದೆ. ಈ ಅಧ್ಯಾಯದ ಹೊರಗೆ ಅವರ ಹೆಸರು ಬರುವುದು ಇನ್ನೆರಡು ಕಡೆ ಮಾತ್ರ. ಒಟ್ಟು 111 ಸೂಕ್ತಗಳ ಈ ಅಧ್ಯಾಯ ತನ್ನನ್ನು ತಾನೇ ಅತ್ಯುತ್ತಮ ಕಥನವೆಂದು ಮೂರನೆಯ ಸೂಕ್ತದಲ್ಲಿ ಕರೆದುಕೊಳ್ಳುತ್ತದೆ.

ಇದು ಮೆಕ್ಕಾದ ಕಾಲದ ಅಧ್ಯಾಯ. ಪ್ರವಾದಿ ಮುಹಮ್ಮದರು ಸ್ವಂತ ಕುಲದವರಿಂದಲೇ ತಿರಸ್ಕಾರ ಅನುಭವಿಸುತ್ತಿದ್ದ ದಿನಗಳವು. ಸುಮಾರು 619ರಲ್ಲಿ ಅವರ ಪತ್ನಿ ಖದೀಜಾ ಮತ್ತು ಆಸರೆಯಾಗಿದ್ದ ದೊಡ್ಡಪ್ಪ ಅಬೂ ತಾಲಿಬ್ ತೀರಿಕೊಂಡರು. ಇಸ್ಲಾಮೀ ಪರಂಪರೆ ಆ ವರ್ಷವನ್ನು ದುಃಖದ ವರ್ಷವೆಂದು ನೆನೆಯುತ್ತದೆ. ತನ್ನವರೇ ಹೊರದಬ್ಬಿದ ಒಬ್ಬನನ್ನು ದೇವರು ಕೈಬಿಡಲಿಲ್ಲ ಎಂಬ ಈ ಕಥೆ ಅಂತಹ ಕಾಲಕ್ಕೆ ಸಾಂತ್ವನವಾಗಿತ್ತು ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ.

1. ಅಸೂಯೆ ಪಾಪಕ್ಕೆ ಕಾಲಾವಧಿ ಹಾಕಿಕೊಳ್ಳುತ್ತದೆ

ಹನ್ನೊಂದು ನಕ್ಷತ್ರಗಳೂ ಸೂರ್ಯಚಂದ್ರರೂ ತಮಗೆ ಬಾಗುವುದನ್ನು ಬಾಲಕ ಯೂಸುಫರು ಕನಸಿನಲ್ಲಿ ಕಂಡು ತಂದೆಗೆ ತಿಳಿಸುತ್ತಾರೆ. ಇದನ್ನು ಅಣ್ಣಂದಿರಿಗೆ ಹೇಳಬೇಡ, ಅವರು ನಿನಗೆ ಕೇಡು ಬಗೆದಾರು ಎಂದು ಯಾಕೂಬರು ಎಚ್ಚರಿಸುತ್ತಾರೆ. ಆದಿಕಾಂಡದಲ್ಲಿ ಎರಡು ಕನಸುಗಳು. ಜೋಸೆಫನು ಅವುಗಳನ್ನು ಅಣ್ಣಂದಿರಿಗೇ ಹೇಳಿಬಿಡುತ್ತಾನೆ. ಅಷ್ಟಲ್ಲದೆ ಯಕೋಬನು ಆ ಮಗನಿಗೆ ಮಾತ್ರ ವಿಶೇಷ ಅಂಗಿ ಹೊಲಿಸಿ ತನ್ನ ಪಕ್ಷಪಾತವನ್ನು ಎಲ್ಲರಿಗೂ ಕಾಣುವಂತೆ ಮಾಡಿದ್ದ. ಕುರ್‌ಆನಿನಲ್ಲಿ ಈ ಅಂಗಿಯ ಪ್ರಸ್ತಾಪವಿಲ್ಲ. ತಂದೆಗೆ ಯೂಸುಫನೂ ಅವನ ಒಡಹುಟ್ಟಿದವನೂ ನಮಗಿಂತ ಹೆಚ್ಚು ಪ್ರಿಯರು ಎಂಬುದು ಅಣ್ಣಂದಿರ ಬಾಯಲ್ಲಿ ಬರುವ ದೂರು ಮಾತ್ರ.

ಮುಂದೆ ಅವರು ಹೂಡುವ ಸಂಚನ್ನು ಗಮನಿಸಿರಿ. ಯೂಸುಫನನ್ನು ಕೊಂದುಬಿಡೋಣ ಅಥವಾ ಎಲ್ಲಾದರೂ ಎಸೆದುಬಿಡೋಣ. ಆಮೇಲೆ ನಾವು ಒಳ್ಳೆಯವರಾಗಿ ಬಾಳಬಹುದು ಎಂದು ಅವರು ಮಾತಾಡಿಕೊಂಡರೆಂದು ಒಂಬತ್ತನೆಯ ಸೂಕ್ತವನ್ನು ಅನೇಕ ವ್ಯಾಖ್ಯಾನಕಾರರು ಅರ್ಥೈಸುತ್ತಾರೆ. ಮೊದಲು ಪಾಪ, ಅನಂತರ ಪಶ್ಚಾತ್ತಾಪ ಎಂಬ ಲೆಕ್ಕಾಚಾರವಿದು. ಈಗ ಕಾಗದ ಪತ್ರ ನನ್ನ ಹೆಸರಿಗಾಗಲಿ, ತಪಸ್ಸುಕಾಲದಲ್ಲಿ ಪಾಪನಿವೇದನೆ ಮಾಡಿದರಾಯಿತು ಎಂದುಕೊಳ್ಳುವ ಮನಸ್ಸು ಇದಕ್ಕಿಂತ ಬೇರೆಯಲ್ಲ. ಮುಂದೆ ಎಂದೋ ಪಶ್ಚಾತ್ತಾಪ ಪಡುವೆನೆಂದು ಇಂದೇ ನಿಶ್ಚಯಿಸಿ ಪಾಪಕ್ಕಿಳಿಯುವವನು ದೇವರ ದಯೆಯನ್ನು ಪಾಪದ ಸಾಧನವಾಗಿ ಬಳಸಿಕೊಳ್ಳುತ್ತಾನೆ.

ಆಟಕ್ಕೆಂದು ತಮ್ಮನನ್ನು ಕರೆದೊಯ್ಯಲು ಅವರು ಅಪ್ಪಣೆ ಕೇಳಿದಾಗ, ತೋಳ ತಿಂದೀತೆಂಬ ಭಯ ನನಗೆ ಎಂದು ತಂದೆ ಹೇಳಿದ್ದರು. ಸಂಜೆ ಕತ್ತಲಾದ ಮೇಲೆ ಅವರು ಅಳುತ್ತಾ ಬಂದು ಹೇಳಿದ್ದೂ ಅದನ್ನೇ: ತೋಳ ತಿಂದಿತು. ತಂದೆಯ ಪ್ರೀತಿಯಿಂದ ಹೊರಟ ಮಾತನ್ನೇ ಮಕ್ಕಳು ಸುಳ್ಳಿಗೆ ಕಚ್ಚಾ ಸಾಮಗ್ರಿ ಮಾಡಿಕೊಂಡರು. ಮನೆಯೊಳಗಿನ ಮೋಸ ಹೊರಗಿನ ಮೋಸಕ್ಕಿಂತ ಆಳವಾಗಿ ನಾಟುವುದು ಇದೇ ಕಾರಣಕ್ಕೆ. ನಮ್ಮ ಭಯ ಯಾವುದು, ನಮ್ಮ ದುರ್ಬಲ ಜಾಗ ಎಲ್ಲಿ ಎಂದು ನಮ್ಮವರಿಗೆ ಗೊತ್ತಿರುತ್ತದೆ.

2. ತಂದೆಯ ಸುಂದರ ಸಹನೆ

ಆದಿಕಾಂಡದ ಯಕೋಬನು ರಕ್ತ ಮೆತ್ತಿದ ಅಂಗಿಯನ್ನು ಕಂಡು ಮಗ ಸತ್ತನೆಂದೇ ನಂಬುತ್ತಾನೆ. ಕುರ್‌ಆನಿನ ಯಾಕೂಬರು ನಂಬುವುದಿಲ್ಲ. ನಿಮ್ಮ ಮನಸ್ಸು ನಿಮಗೊಂದು ಕಥೆ ಹೆಣೆದುಕೊಟ್ಟಿದೆ ಎಂದು ನೇರವಾಗಿ ಹೇಳುತ್ತಾರೆ. ಅಂಗಿಗೆ ರಕ್ತ ಹಚ್ಚಿದವರು ಅದನ್ನು ಹರಿಯಲು ಮರೆತಿದ್ದರು ಎಂದು ಹಳೆಯ ವ್ಯಾಖ್ಯಾನಕಾರರು ವಿವರಿಸುತ್ತಾರೆ. ಮಗುವನ್ನು ತಿಂದ ತೋಳ ಅಂಗಿಯನ್ನು ಹರಿಯದೆ ಬಿಟ್ಟೀತೇ?

ಹೀಗೆ ಸುಳ್ಳೆಂದು ತಿಳಿದೂ ಅದೇ ಮಕ್ಕಳೊಡನೆ ಒಂದೇ ಸೂರಿನಡಿ ವರುಷಗಟ್ಟಲೆ ಬದುಕುವುದು ಆ ತಂದೆಯ ಪಾಲಿಗೆ ಬಂದಿತು. ಆಗ ಅವರು ಹಿಡಿದ ದಾರಿಗೆ ಕುರ್‌ಆನ್ ಕೊಡುವ ಹೆಸರು ‘ಸಬ್ರುನ್ ಜಮೀಲ್’, ಎಂದರೆ ಸುಂದರವಾದ ಸಹನೆ. ಈ ಸಹನೆ ಕಲ್ಲು ಮನಸ್ಸಲ್ಲ. ಅತ್ತು ಅತ್ತು ಯಾಕೂಬರ ಕಣ್ಣುಗಳು ಬೆಳ್ಳಗಾಗಿ ದೃಷ್ಟಿ ಹೋಯಿತೆಂದು 84ನೇ ಸೂಕ್ತ ಹೇಳುತ್ತದೆ. ಮಕ್ಕಳು ಗದರಿದಾಗ, ನನ್ನ ನೋವನ್ನು ನಾನು ಹೇಳಿಕೊಳ್ಳುವುದು ದೇವರ ಬಳಿ ಮಾತ್ರ ಎಂದು ಅವರು ಉತ್ತರಿಸುತ್ತಾರೆ. ಅಷ್ಟಾದರೂ ದೇವರ ಕರುಣೆಯಲ್ಲಿ ನಿರಾಶರಾಗಬೇಡಿ, ಹೋಗಿ ಯೂಸುಫನನ್ನು ಹುಡುಕಿರಿ ಎಂದು ಅದೇ ಮಕ್ಕಳನ್ನು ಕಳುಹಿಸುತ್ತಾರೆ.

ವಿಶ್ವಾಸವುಳ್ಳವನು ಅಳಬಾರದು ಎಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ಮಗ ತೀರಿಕೊಂಡ ಮನೆಗೆ ಹೋಗಿ, ದೇವರ ಚಿತ್ತ, ಅಳಬೇಡಿ ಎಂದು ಬಾಯಿ ಮುಚ್ಚಿಸುತ್ತಾರೆ. ಯಾಕೂಬರು ಅತ್ತರು. ಲಾಜರನ ಸಮಾಧಿಯ ಬಳಿ ಯೇಸುಸ್ವಾಮಿಯೂ ಅತ್ತರು. ಕಣ್ಣೀರೂ ಭರವಸೆಯೂ ಒಂದೇ ಹೃದಯದಲ್ಲಿ ಇರಬಲ್ಲವು.

3. ಶೋಧನೆಯ ಮುಂದೆ

ಕೆಲವೇ ನಾಣ್ಯಗಳಿಗೆ ಮಾರಾಟವಾಗಿ ಈಜಿಪ್ಟ್ ಸೇರಿದ ಯೂಸುಫರನ್ನು ಯಜಮಾನನ ಹೆಂಡತಿ ಬಾಗಿಲು ಮುಚ್ಚಿ ಕರೆಯುತ್ತಾಳೆ. ಕುರ್‌ಆನ್ ಆಕೆಯ ಹೆಸರನ್ನು ಹೇಳುವುದಿಲ್ಲ. ಝುಲೈಖಾ ಎಂಬ ಹೆಸರು ನಂತರದ ಪರಂಪರೆಯಿಂದ ಬಂದದ್ದು. 15ನೇ ಶತಮಾನದ ಪರ್ಷಿಯನ್ ಕವಿ ಜಾಮಿಯ ಕಾವ್ಯ ಆ ಹೆಸರನ್ನು ದೂರ ದೂರಕ್ಕೆ ಕೊಂಡೊಯ್ದಿತು. ಯೂಸುಫರು ಬಾಗಿಲಿನತ್ತ ಓಡುತ್ತಾರೆ, ಆಕೆ ಹಿಂದಿನಿಂದ ಅಂಗಿ ಹಿಡಿದು ಹರಿಯುತ್ತಾಳೆ. ಬಾಗಿಲಲ್ಲೇ ಗಂಡ ಎದುರಾದಾಗ ಆಕೆ ತಪ್ಪನ್ನು ಯೂಸುಫರ ಮೇಲೆ ಹೊರಿಸುತ್ತಾಳೆ. ಆಗ ಆಕೆಯ ಮನೆತನದವನೇ ಒಬ್ಬ ನ್ಯಾಯವಾದ ಪರೀಕ್ಷೆ ಸೂಚಿಸುತ್ತಾನೆ. ಅಂಗಿ ಮುಂದುಗಡೆ ಹರಿದಿದ್ದರೆ ಆಕೆಯ ಮಾತು ನಿಜ. ಹಿಂದುಗಡೆ ಹರಿದಿದ್ದರೆ ಅವನ ಮಾತು ನಿಜ. ಸ್ವಂತ ಮನೆಯವರ ವಿರುದ್ಧವಾದರೂ ಸತ್ಯಕ್ಕೆ ಸಾಕ್ಷಿ ಹೇಳಿದ ಈ ಹೆಸರಿಲ್ಲದ ಮನುಷ್ಯನಿಂದ ನಾವು ಕಲಿಯುವುದು ಬಹಳವಿದೆ. ಪಂಚಾಯಿತಿ ಕೂತಾಗ ನಮ್ಮವನ ತಪ್ಪನ್ನು ತಪ್ಪೆಂದು ಹೇಳುವವರು ಎಷ್ಟು ಮಂದಿ?

ಯೂಸುಫರು ಶೋಧನೆಯೇ ತಟ್ಟದ ಬೊಂಬೆಯಲ್ಲ. ದೇವರ ಪ್ರಮಾಣವನ್ನು ಕಾಣದಿದ್ದರೆ ಅವರ ಮನಸ್ಸೂ ವಾಲುತ್ತಿತ್ತು ಎಂದು 24ನೇ ಸೂಕ್ತ ಸೂಚಿಸುತ್ತದೆ. ಆದ್ದರಿಂದಲೇ ಅವರು ಸ್ವಂತ ಬಲವನ್ನು ನೆಚ್ಚದೆ, ನೀನು ಕಾಪಾಡದಿದ್ದರೆ ನಾನು ಸೋತೇನು, ಈ ಪಾಪಕ್ಕಿಂತ ನನಗೆ ಸೆರೆಮನೆಯೇ ಮೇಲು ಎಂದು ದೇವರಲ್ಲಿ ಮೊರೆಯಿಡುತ್ತಾರೆ. ನಮ್ಮನ್ನು ಶೋಧನೆಗೆ ಒಳಪಡಿಸದಿರು ಎಂದು ದಿನವೂ ಬೇಡುವ ನಮಗೆ ಈ ಮೊರೆ ಅಪರಿಚಿತವಲ್ಲ.

4. ಮರೆತವನಿಗೂ ಉಪಕಾರ

ಸೆರೆಮನೆಯಲ್ಲಿ ಇಬ್ಬರು ಕೈದಿಗಳ ಕನಸಿಗೆ ಯೂಸುಫರು ಅರ್ಥ ಹೇಳುತ್ತಾರೆ. ಬಿಡುಗಡೆಯಾಗಲಿದ್ದವನಿಗೆ, ನಿನ್ನ ಒಡೆಯನ ಮುಂದೆ ನನ್ನ ವಿಷಯ ತೆಗೆ ಎಂದು ಕೇಳಿಕೊಳ್ಳುತ್ತಾರೆ. ಅವನು ಮರೆತುಬಿಡುತ್ತಾನೆ, ಯೂಸುಫರು ಇನ್ನೂ ಕೆಲವು ವರ್ಷ ಅಲ್ಲೇ ಕೊಳೆಯುತ್ತಾರೆ. ಅರಸನಿಗೆ ಏಳು ಕೊಬ್ಬಿದ ಹಸುಗಳ, ಏಳು ಬಡಕಲು ಹಸುಗಳ ಕನಸು ಬಿದ್ದಾಗ ಮಾತ್ರ ಅವನಿಗೆ ನೆನಪಾಗುತ್ತದೆ, ಓಡಿ ಬರುತ್ತಾನೆ.

ನಾವಾಗಿದ್ದರೆ ಏನು ಹೇಳುತ್ತಿದ್ದೆವು? ಈಗ ನೆನಪಾಯಿತೋ ಎನ್ನುತ್ತಿದ್ದೆವು. ಮೊದಲು ನನ್ನನ್ನು ಬಿಡಿಸು, ಆಮೇಲೆ ಅರ್ಥ ಎನ್ನುತ್ತಿದ್ದೆವು. ಯೂಸುಫರು ಒಂದು ಚುಚ್ಚುಮಾತನ್ನೂ ಆಡದೆ, ಒಂದು ಷರತ್ತನ್ನೂ ಹಾಕದೆ ಕನಸಿನ ಅರ್ಥವನ್ನು ಹೇಳುತ್ತಾರೆ. ಅದರ ಜೊತೆಗೆ ಕ್ಷಾಮದಿಂದ ಪಾರಾಗುವ ಉಪಾಯವನ್ನೂ ಕೊಡುತ್ತಾರೆ. ಏಳು ವರ್ಷ ಬೆಳೆಯಿರಿ. ಉಣ್ಣಲು ಬೇಕಾದಷ್ಟನ್ನು ಬಿಟ್ಟು ಉಳಿದ ಧಾನ್ಯವನ್ನು ತೆನೆಯಲ್ಲೇ ಇಟ್ಟು ಕಾಪಾಡಿರಿ ಎನ್ನುತ್ತಾರೆ. ತಮ್ಮನ್ನು ಸೆರೆಯಲ್ಲಿಟ್ಟ ನಾಡಿನ ಬಡವರು ಹಸಿವಿನಿಂದ ಸಾಯಬಾರದು ಎಂಬುದಷ್ಟೇ ಅವರಿಗೆ ಮುಖ್ಯವಾಯಿತು.

ಆದರೆ ಅರಸನ ಕರೆ ಬಂದಾಗ ಅವರು ತಕ್ಷಣ ಹೊರಡುವುದಿಲ್ಲ. ಮೊದಲು ನನ್ನ ಮೇಲಿನ ಆರೋಪದ ವಿಚಾರಣೆ ನಡೆಯಲಿ ಎಂದು ದೂತನನ್ನು ಹಿಂದೆ ಕಳುಹಿಸುತ್ತಾರೆ. ಇದು ಆದಿಕಾಂಡದಲ್ಲಿಲ್ಲದ ಪ್ರಸಂಗ. ಆಗ ಯಜಮಾನನ ಹೆಂಡತಿ ಎಲ್ಲರ ಮುಂದೆ ತನ್ನ ತಪ್ಪನ್ನು ಒಪ್ಪಿಕೊಳ್ಳುತ್ತಾಳೆ. ದಯಾಳುವಾಗಿರುವುದಕ್ಕೂ ಕಳಂಕವನ್ನು ಸುಮ್ಮನೆ ಹೊತ್ತುಕೊಳ್ಳುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಈ ಅಧ್ಯಾಯ ಸ್ಪಷ್ಟವಾಗಿ ತೋರಿಸುತ್ತದೆ. ಸತ್ಯ ಬೆಳಕಿಗೆ ಬರಲಿ ಎಂದು ಕೇಳುವುದು ದ್ವೇಷವಲ್ಲ.

5. ಕ್ಷಮೆಯ ಮೂರು ಗುಣಗಳು

ಕ್ಷಾಮ ಬಂತು. ಅಣ್ಣಂದಿರು ಧಾನ್ಯಕ್ಕಾಗಿ ಈಜಿಪ್ಟಿಗೆ ಬಂದರು. ಧಾನ್ಯದ ಉಗ್ರಾಣಗಳ ಅಧಿಕಾರಿಯೇ ತಮ್ಮ ತಮ್ಮನೆಂದು ಅವರಿಗೆ ತಿಳಿಯದು. ಕಿರಿಯವನ ಚೀಲದಲ್ಲಿ ಅರಸನ ಪಾತ್ರೆ ಸಿಕ್ಕಾಗ, ಇವನ ಅಣ್ಣನೂ ಹಿಂದೆ ಕಳ್ಳತನ ಮಾಡಿದ್ದ ಎಂದು ಯೂಸುಫರ ಎದುರೇ ಯೂಸುಫರನ್ನು ದೂರುತ್ತಾರೆ. ಅವರು ಆ ಮಾತನ್ನು ಮನಸ್ಸಿನಲ್ಲೇ ಅಡಗಿಸಿಕೊಳ್ಳುತ್ತಾರೆ. ಕೊನೆಗೆ ಅಣ್ಣಂದಿರು ಸೋತು ದಾನ ಬೇಡಿ ನಿಂತಾಗ ಗುಟ್ಟು ಒಡೆಯುತ್ತದೆ. ಇಲ್ಲಿ ನಾವು ಕಲಿಯಬೇಕಾದ ಮೂರು ವಿಷಯಗಳಿವೆ.

ಮೊದಲನೆಯದು, ಅವರು ತಪ್ಪಿತಸ್ಥರ ಮಾನ ಉಳಿಸುತ್ತಾರೆ. ನೀವು ತಿಳಿವಳಿಕೆಯಿಲ್ಲದ ಕಾಲದಲ್ಲಿ ಯೂಸುಫನಿಗೆ ಏನು ಮಾಡಿದಿರಿ, ನೆನಪಿದೆಯೇ ಎಂದು ಕೇಳುತ್ತಾರೆ. ತಪ್ಪನ್ನು ನೆನಪಿಸುವ ಪ್ರಶ್ನೆಯಲ್ಲೇ ತಪ್ಪಿತಸ್ಥರಿಗೆ ಒಂದು ಆಸರೆಯನ್ನೂ ಇಟ್ಟಿದ್ದಾರೆ. ನಮ್ಮ ಯೇಸುಸ್ವಾಮಿ ಶಿಲುಬೆಯ ಮೇಲೆ ತಮ್ಮ ವೈರಿಗಳ ಅರಿಯದತನವನ್ನೇ ತಂದೆಯ ಮುಂದೆ ಮುಂದಿಟ್ಟು ಪ್ರಾರ್ಥಿಸಿದ್ದನ್ನು ನೆನೆಯಿರಿ.

ಎರಡನೆಯದು, ಅಣ್ಣಂದಿರು ತಪ್ಪೊಪ್ಪಿಕೊಂಡ ಕೂಡಲೇ ಅವರು ಲೆಕ್ಕ ಮುಚ್ಚುತ್ತಾರೆ. ಇಂದು ನಿಮ್ಮ ಮೇಲೆ ಯಾವ ದೂರೂ ಇಲ್ಲ, ದೇವರು ನಿಮ್ಮನ್ನು ಕ್ಷಮಿಸಲಿ ಎಂಬುದು 92ನೇ ಸೂಕ್ತದ ತಾತ್ಪರ್ಯ. 630ರಲ್ಲಿ ಮೆಕ್ಕಾ ವಶವಾದಾಗ, ತಮ್ಮನ್ನು ಹಿಂಸಿಸಿ ಹೊರಗಟ್ಟಿದ್ದ ಕುಲದವರ ಮುಂದೆ ಪ್ರವಾದಿ ಮುಹಮ್ಮದರು ಯೂಸುಫರ ಈ ಮಾತನ್ನೇ ಆಡಿದರೆಂದು ಇಸ್ಲಾಮೀ ಪರಂಪರೆಯ ವರದಿಗಳು ಹೇಳುತ್ತವೆ.

ಮೂರನೆಯದು, ಕ್ಷಮಿಸಿದ ಮೇಲೆ ಕೆದಕುವುದಿಲ್ಲ. ತಂದೆತಾಯಿ ಬಂದು ಮನೆಯವರೆಲ್ಲಾ ಸೇರಿದಾಗ, ದೇವರು ನನ್ನನ್ನು ಸೆರೆಮನೆಯಿಂದ ಹೊರತಂದ ಎಂದು ಯೂಸುಫರು ಸ್ಮರಿಸುತ್ತಾರೆ. ಬಾವಿಯ ಹೆಸರೆತ್ತುವುದಿಲ್ಲ. ಅಣ್ಣಂದಿರು ಅಲ್ಲೇ ನಿಂತಿದ್ದಾರೆ. ಅವರು ನಾಚದಿರಲಿ ಎಂದು ಹಾಗೆ ಮಾಡಿದರೆಂದು ವ್ಯಾಖ್ಯಾನಕಾರರು ಬರೆದಿದ್ದಾರೆ. ನಮ್ಮ ನಡುವೆ ಒಡಕು ತಂದವನು ಸೈತಾನ ಎಂದಷ್ಟೇ ಹೇಳಿ ಮುಗಿಸುತ್ತಾರೆ. ಕ್ಷಮಿಸಿದ್ದೇನೆ ಎನ್ನುತ್ತಲೇ ಪ್ರತಿ ಮದುವೆಯಲ್ಲೂ, ಪ್ರತಿ ಹಬ್ಬದ ಊಟದಲ್ಲೂ ಹಳೆಯ ಮಾತು ತೆಗೆಯುವ ನಮಗೆ ಇದು ಕಠಿಣವಾದ ಪಾಠ.

ಯೂಸುಫರು ತಮ್ಮ ಅಂಗಿಯನ್ನು ತಂದೆಗೆ ಕಳುಹಿಸುತ್ತಾರೆ. ಅದನ್ನು ಮುಖದ ಮೇಲಿಟ್ಟಾಗ ಯಾಕೂಬರಿಗೆ ದೃಷ್ಟಿ ಮರಳುತ್ತದೆ. ಈ ಅಧ್ಯಾಯದಲ್ಲಿ ಅಂಗಿ ಬರುವುದು ಮೂರು ಸಲ: ಒಮ್ಮೆ ಸುಳ್ಳಿಗೆ ಸಾಕ್ಷಿಯಾಗಿ, ಒಮ್ಮೆ ನಿರಪರಾಧಕ್ಕೆ ಸಾಕ್ಷಿಯಾಗಿ, ಒಮ್ಮೆ ಗುಣಪಡಿಸುವ ಸಾಧನವಾಗಿ. ಅಂಗಿಯೊಂದು ತಂದ ನೋವನ್ನು ಇನ್ನೊಂದು ಅಂಗಿ ತೊಡೆಯಿತು.

ಆದಿಕಾಂಡದ ವಿಶೇಷ

ನಮ್ಮ ಗ್ರಂಥದ ಕಥೆಯಲ್ಲಿರುವ ಒಂದು ಸಂಪತ್ತನ್ನೂ ಇಲ್ಲಿ ಹೇಳಬೇಕು. ತಮ್ಮನನ್ನು ಮಾರೋಣ ಎಂದು ಸಲಹೆ ಕೊಟ್ಟವನು ಯೆಹೂದ. ಅದೇ ಯೆಹೂದನು ವರ್ಷಗಳ ನಂತರ ಬೆನ್ಯಾಮೀನನ ಬದಲು ನಾನೇ ಗುಲಾಮನಾಗುತ್ತೇನೆ ಎಂದು ಮುಂದೆ ಬರುತ್ತಾನೆ. ಕೆಟ್ಟ ಅಣ್ಣನೊಬ್ಬನು ಬದಲಾಗುವುದನ್ನು ಆದಿಕಾಂಡ ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತದೆ. ಜೋಸೆಫನ ಅಳು ಉಕ್ಕಿ ಬಂದು ಅವನು ತನ್ನ ಗುರುತು ಹೇಳುವುದು ಆ ಮಾತು ಕೇಳಿದ ಮೇಲೆಯೇ. ತಂದೆ ಸತ್ತ ನಂತರ ಅಣ್ಣಂದಿರು ಮತ್ತೆ ಹೆದರುತ್ತಾರೆ; ಜೋಸೆಫನು ಮತ್ತೊಮ್ಮೆ ಧೈರ್ಯ ಹೇಳಬೇಕಾಗುತ್ತದೆ. ಕ್ಷಮೆ ನೀಡುವುದು ಕಷ್ಟ. ಕ್ಷಮೆ ಸಿಕ್ಕಿತೆಂದು ನಂಬುವುದೂ ಅಷ್ಟೇ ಕಷ್ಟ. ತನ್ನವರಿಂದ ಬೆಳ್ಳಿಯ ನಾಣ್ಯಗಳಿಗೆ ಮಾರಾಟವಾಗಿ, ಮಾರಿದವರಿಗೇ ಅನ್ನ ಕೊಟ್ಟ ಜೋಸೆಫನಲ್ಲಿ ಧರ್ಮಸಭೆಯ ಪಿತೃಗಳು ಕ್ರಿಸ್ತರ ಮುನ್ಸೂಚನೆಯನ್ನು ಕಂಡರು. ಮುಸ್ಲಿಮರು ಹಾಗೆ ಓದುವುದಿಲ್ಲ. ಆ ವ್ಯತ್ಯಾಸವನ್ನು ಮುಚ್ಚಿಡಬೇಕಾಗಿಲ್ಲ. ಅದಕ್ಕಾಗಿ ಜಗಳವಾಡಬೇಕಾಗಿಯೂ ಇಲ್ಲ.

ಕ್ಷಮಿಸಿದವನು ಮತ್ತೆ ಬಾವಿಗಿಳಿಯಬೇಕೇ?

ಒಂದು ಪ್ರಶ್ನೆ ಉಳಿಯುತ್ತದೆ. ಕುಡಿದು ಹೊಡೆಯುವ ಗಂಡನನ್ನು, ಸಹಿ ಮೋಸದಿಂದ ಪಡೆದ ಅಣ್ಣನನ್ನು ಕ್ಷಮಿಸು ಎಂದರೆ ಮತ್ತೆ ಅವರ ಕೈಗೆ ಸಿಕ್ಕಿಕೋ ಎಂದು ಅರ್ಥವೇ? ಎರಡೂ ಗ್ರಂಥಗಳ ಕಥೆ ಹಾಗೆ ಹೇಳುವುದಿಲ್ಲ. ಯೂಸುಫರು ಅಣ್ಣಂದಿರನ್ನು ಕಂಡ ಮೊದಲ ದಿನವೇ ಗುರುತು ಹೇಳಲಿಲ್ಲ. ಕಿರಿಯವನನ್ನು ಮೊದಲು ಸುರಕ್ಷಿತವಾಗಿ ತಮ್ಮ ಬಳಿ ಇರಿಸಿಕೊಂಡರು. ಯಾಕೂಬರೂ ಕಿರಿಯವನನ್ನು ಅವರೊಡನೆ ಕಳುಹಿಸುವ ಮುನ್ನ ದೇವರ ಹೆಸರಿನಲ್ಲಿ ಪ್ರಮಾಣ ಮಾಡಿಸಿಕೊಂಡರು. ಮನಸ್ಸಿನಿಂದ ದ್ವೇಷವನ್ನು ತೆಗೆಯುವುದು ಇಂದೇ ಆಗಬಹುದು. ಮುರಿದ ನಂಬಿಕೆ ಮರಳಿ ಕಟ್ಟಲು ಕಾಲ ಬೇಕು, ತಪ್ಪು ಮಾಡಿದವನ ಬದಲಾವಣೆಯೂ ಬೇಕು. ಹೊಡೆತ ತಿನ್ನುವ ಹೆಣ್ಣುಮಗಳು ತನ್ನನ್ನೂ ಮಕ್ಕಳನ್ನೂ ಕಾಪಾಡಿಕೊಂಡು ದೂರ ನಿಂತರೆ ಅದು ಕ್ಷಮೆಯಿಲ್ಲದ ಮನಸ್ಸಲ್ಲ. ಅಂಥವಳಿಗೆ ಹೊಂದಿಕೊಂಡು ಹೋಗಮ್ಮಾ ಎಂದಷ್ಟೇ ಹೇಳಿ ಕಳುಹಿಸುವವರು ಯೂಸುಫರ ಕಥೆಯನ್ನು ಇನ್ನೊಮ್ಮೆ ಓದಬೇಕು.

ಉಳಿದವರಿಗೆ, ಎಂದರೆ ಜಾಗ ಒಡವೆಗಳ ಹಠಕ್ಕೆ ಬಿದ್ದು ಮಾತು ಬಿಟ್ಟ ನಮ್ಮಂಥವರಿಗೆ, ನೆಪಗಳು ಕಡಿಮೆ. ಅಲ್ಲಿ ಬಾವಿಯೂ ಇಲ್ಲ, ತೋಳವೂ ಇಲ್ಲ. ಬಾಗಿಲು ತಟ್ಟುವವರು ಯಾರು ಎಂಬುದಷ್ಟೇ ಬಾಕಿ.

ಕುಟುಂಬದಲ್ಲಿ ಚಿಂತನೆಗೆ

1. ನಮ್ಮ ಮನೆಯಲ್ಲಿ ಒಂದು ಮಗುವಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಎಂಬ ಭಾವನೆ ಮೂಡಲು ನಾವು ಕಾರಣರಾಗಿದ್ದೇವೆಯೇ?

2. ಕ್ಷಮಿಸಿದ್ದೇವೆ ಎಂದು ಹೇಳಿಯೂ ಮತ್ತೆ ಮತ್ತೆ ಎತ್ತುವ ಹಳೆಯ ಮಾತು ಯಾವುದು? ಅದನ್ನು ಈ ವಾರ ಎತ್ತದಿರಲು ಸಾಧ್ಯವೇ?

3. ನಮ್ಮಿಂದ ನೊಂದವರು ಯಾರಾದರೂ ಇದ್ದಾರೆಯೇ? ತಪ್ಪೊಪ್ಪಿಕೊಳ್ಳಲು ಯೂಸುಫರ ಅಣ್ಣಂದಿರಂತೆ ಕ್ಷಾಮ ಬರುವವರೆಗೂ ಕಾಯಬೇಕೇ?

4. ನೆರೆಯ ಮುಸ್ಲಿಂ ಕುಟುಂಬದೊಡನೆ ಕುಳಿತು, ಯೂಸುಫರ ಕಥೆ ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತಾರೆ ಎಂದು ಕೇಳಿ ನೋಡಿರಿ. ನಮ್ಮ ಜೋಸೆಫನ ಕಥೆಯನ್ನು ಅವರಿಗೆ ಹೇಳಿರಿ.